ಪೆಟ್ಟಿಗೆ ಮೇಲಿನ ಬಾವುಟ ತೆಗೆದದ್ದು ಯಾಕೆ?

ಪ್ರಶ್ನೆ: ಸರ್, ನಮ್ಮೂರಿನ ಯೋಧರೊಬ್ಬರು ಕಳೆದ ವರ್ಷ ಗಡಿಯಲ್ಲಿ ಗುಂಡೇಟಿಗೆ ತೀರಿಕೊಂಡರು. ಮಣ್ಣು ಮಾಡುವಾಗ ಪೆಟ್ಟಿಗೆ ಮೇಲಿದ್ದ ಬಾವುಟ ತೆಗೆದುಬಿಟ್ಟರು. "ಅದನ್ನಾದರೂ ಮಗನ ಜೊತೆ ಕಳಿಸಬಾರದಿತ್ತಾ" ಅಂತ ಅವರ ತಾಯಿ ಈಗಲೂ ಅಳುತ್ತಾರೆ. ಸಿಪಾಯಿಗಳು ಬಂದೂಕು ತಲೆಕೆಳಗು ಮಾಡಿ ನಿಂತದ್ದು ಯಾಕೆ ಅಂತಲೂ ತಿಳಿಯಲಿಲ್ಲ. ಮುಂದಿನ ತಿಂಗಳು ವರ್ಷದ ಪುಣ್ಯತಿಥಿ. ಡಿಜೆ ಹಚ್ಚಿ ಮೆರವಣಿಗೆ ಮಾಡೋಣ ಅಂತಾರೆ ಗೆಳೆಯರು. ಏನು ಮಾಡಿದರೆ ಸರಿ?
– ಓದುಗ, ಕುಷ್ಟಗಿ ತಾಲ್ಲೂಕು

ಉತ್ತರ (ನಿವೃತ್ತ ಸುಬೇದಾರ್, ಬಳ್ಳಾರಿ): ತಮ್ಮಾ, ಮೊದಲು ಆ ತಾಯಿಗೆ ಹೇಳು, ಅದನ್ನು ಯಾರೂ ಕಸಿದುಕೊಂಡದ್ದಲ್ಲ. ಧ್ವಜ ಸಂಹಿತೆಯ ನಿಯಮವೇ ಹಾಗಿದೆ. ಹೊದಿಸುವಾಗ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು. ಕುಣಿಗೆ ಇಳಿಸುವ ಮೊದಲು, ಚಿತೆಗೆ ಬೆಂಕಿ ಇಡುವ ಮೊದಲು ತೆಗೆಯಲೇಬೇಕು. ಮಡಿಚಿ ಮನೆಯವರ ಕೈಗೆ ಕೊಡುತ್ತಾರೆ. ಅದು ಅವರ ಟ್ರಂಕಿನಲ್ಲೇ ಇರಬೇಕು, ಅಲ್ವಾ? ಗಾಜಿನ ಕಟ್ಟು ಹಾಕಿಸಿ ಮಗನ ಫೋಟೋ ಪಕ್ಕ ಇಡಲಿ. ಆಗಸ್ಟ್ 15ಕ್ಕೆ ಹಾರಿಸೋಕೆ ಬೇರೆ ಬಾವುಟ ತನ್ನಿ.

ಬಂದೂಕಿನ ಆದೇಶಕ್ಕೆ 'ಶೋಕ ಶಸ್ತ್ರ' ಅಂತೀವಿ. ನಳಿಗೆಯನ್ನು ಬೂಟಿನ ಮೇಲೆ ಊರಿ, ಎರಡೂ ಕೈ ಹಿಂಬದಿಯ ಮರದ ಮೇಲಿಟ್ಟು ತಲೆ ಬಗ್ಗಿಸಬೇಕು. ಕಲಿಯೋದು ಸುಲಭ. ಎದುರಿಗೆ ಹೆತ್ತವಳು ಎದೆ ಬಡಿದುಕೊಳ್ಳುತ್ತಿರುವಾಗ ಅಲುಗಾಡದೆ ನಿಲ್ಲೋದಿದೆಯಲ್ಲ, ಅದು ಯಾವ ಪರೇಡಿನಲ್ಲೂ ಕಲಿಸಲ್ಲ. ಆಮೇಲೆ ಮೂರು ಸುತ್ತು ಗುಂಡು, ಕಹಳೆಯಲ್ಲಿ 'ಲಾಸ್ಟ್ ಪೋಸ್ಟ್'. ಹಿಂದೆ ಕ್ಯಾಂಪಿನಲ್ಲಿ ದಿನ ಮುಗಿಯಿತು ಅಂತ ತಿಳಿಸಲು ಊದುತ್ತಿದ್ದ ರಾಗವೇ ಅದು.

ಸೇನೆಯವರು ಸತ್ತವರನ್ನು ಅಷ್ಟು ಬೇಗ ಬಿಟ್ಟುಕೊಡಲ್ಲ. ಅರುಣಾಚಲದ ತವಾಂಗಿಗೆ ಹೋಗುವ ದಾರಿಯಲ್ಲಿ ಜಸವಂತಗಢ ಇದೆ. 1962ರಲ್ಲಿ ಅಲ್ಲಿ ಮಡಿದ ಗಢ್ವಾಲ್ ರೈಫಲ್ಸಿನ ಜಸವಂತ್ ಸಿಂಗ್ ರಾವತ್ ಅವರ ಸ್ಮಾರಕ. ಅವರಿಗೆ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡಿ, ಚಹಾ ಇಡೋದು ಅಲ್ಲಿನ ಜವಾನರ ರೂಢಿ. ಹುಚ್ಚು ಅನ್ನುವವರು ಅನ್ನಲಿ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಅದರಲ್ಲಿ ತ್ಯಾಗಚಕ್ರ ಅನ್ನುವ ದುಂಡನೆಯ ಗೋಡೆಗಳಲ್ಲಿ ಮಡಿದ ಒಬ್ಬೊಬ್ಬ ಯೋಧನ ಹೆಸರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ. ಹುತಾತ್ಮರ ಮನೆಯವರು ಅಲ್ಲಿ ಹೂಚಕ್ರ ಇಡುವ ವ್ಯವಸ್ಥೆಯೂ ಇದೆ. ಮೆರವಣಿಗೆಗೆ ಎತ್ತುವ ದುಡ್ಡಿನಲ್ಲಿ ಆ ತಾಯಿಗೆ ರೈಲು ಟಿಕೆಟ್ ತೆಗೆಸಬಹುದು ನೋಡು.

ಡಿಜೆ ಬೇಡವೇ ಬೇಡ. ಬ್ಯಾನರಿನಲ್ಲಿ ಯೋಧನ ಮುಖಕ್ಕಿಂತ ಲೀಡರುಗಳ ಮುಖ ದೊಡ್ಡದಿರೋದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನಮ್ಮ ಕಡೆ ಊರ ಅಗಸಿ ಹತ್ತಿರ ವೀರಗಲ್ಲು ಇರುತ್ತವಲ್ಲ. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು. ನೀವೂ ಪಂಚಾಯ್ತಿಗೆ ಕೇಳಿ ಶಾಲೆ ಎದುರು ಒಂದು ಕಲ್ಲು ನಿಲ್ಲಿಸಿ. ಹೆಸರು, ಹುದ್ದೆ, ಯೂನಿಟ್, ತಾರೀಖು ಇದ್ದರೆ ಸಾಕು. ಸರ್ವಿಸ್ ದಾಖಲೆಯಲ್ಲಿ ಇರುವ ಹಾಗೇ ಹೆಸರು ಕೆತ್ತಿಸಿ.

ಅವರ ಯೂನಿಟ್ಟಿಗೆ ಈಗಲೇ ಕಾಗದ ಬರೆಯಿರಿ. ರಜೆ ಮೇಲಿರುವ ಜೊತೆಗಾರ ಯಾರಾದರೂ ಬಂದರೂ ಬಂದಾರು. ಬಂದವರಿಗೆ ಮೈಕು ಕೊಟ್ಟು ಭಾಷಣ ಮಾಡಿಸಬೇಡಿ. ಆ ಮನೆಯಲ್ಲೇ ಊಟಕ್ಕೆ ಕೂರಿಸಿ, ತಾಯಿ ಏನು ಕೇಳಬೇಕೋ ಕೇಳಿಕೊಳ್ಳಲಿ.