ಚಿತ್ರದಲ್ಲಿ ಹೆಸರಿಲ್ಲದ ಅಂಗ

ಓದುಗರ ಪತ್ರ: ಅಕ್ಕಾವ್ರೆ, ಮದುವೆಯಾಗಿ ಆರು ವರ್ಷ. ಒಂದು ಮಗುವಿದೆ. ಗಂಡ ಒಳ್ಳೆಯವರು. ಆದರೆ ಕೂಡಿದಾಗ ನನಗೆ ಏನೂ ಅನಿಸುವುದಿಲ್ಲ. ಹೊರಗೆ ಕೈ ತಾಗಿದಾಗ ಮಾತ್ರ ಹಿತವೆನಿಸುತ್ತದೆ. ಮೊದಲಿನಿಂದಲೂ ಹೀಗೇ. ಇದು ದೋಷವೇ? ಇವರು ಜಾತ್ರೆಯಿಂದ ನನಗೆಂದು ಲೇಹ್ಯ ತಂದಿದ್ದಾರೆ. ಇಂಥ ಹೊಲಸು ಪ್ರಶ್ನೆ ಕೇಳಿದ್ದಕ್ಕೆ ಕ್ಷಮಿಸಿ.
– ಹೆಸರು ಬೇಡ, ಕಾರಟಗಿ

ಸಂಪಾದಕರ ಉತ್ತರ: ತಂಗಿ, ಮೊದಲು ಬೈದುಬಿಡುತ್ತೇನೆ. ‘ಹೊಲಸು ಪ್ರಶ್ನೆ’ ಎಂದಿರಲ್ಲ, ಆ ಮಾತು ವಾಪಸ್ ತಗೊಳ್ಳಿ. ಮೊಣಕಾಲು ನೋವಿನ ಬಗ್ಗೆ ಬರೆದಿದ್ದರೆ ಕ್ಷಮೆ ಕೇಳುತ್ತಿದ್ದಿರಾ?

ನಿಮ್ಮಲ್ಲಿ ದೋಷವಿಲ್ಲ. ಬಹಳಷ್ಟು ಹೆಂಗಸರ ಅನುಭವ ಇದೇ. ಹೆಣ್ಣಿನ ಸುಖದ ಮುಖ್ಯ ಜಾಗ ಯೋನಿಯ ಒಳಗಿಲ್ಲ. ಮೂತ್ರ ಬರುವ ರಂಧ್ರದ ಮೇಲ್ಗಡೆ, ಒಳತುಟಿಗಳು ಕೂಡುವಲ್ಲಿದೆ. ಡಾಕ್ಟರು ಕ್ಲಿಟೋರಿಸ್ ಅನ್ನುತ್ತಾರೆ, ಕನ್ನಡದಲ್ಲಿ ಭಗಾಂಕುರ. ಹೊರಗೆ ಕಾಣುವುದು ಕಾಳಿನಷ್ಟು. ಉಳಿದದ್ದು ಒಳಗೆ ಕವಲೊಡೆದು ಯೋನಿಯ ಎರಡೂ ಬದಿಗೆ ಇಳಿದಿದೆ. ನಮ್ಮ ಶೇಂಗಾ ಗಿಡದ ಹಾಗೆ, ಅಸಲು ಬೆಳೆ ಮಣ್ಣೊಳಗೆ. ಬಸಿರಲ್ಲಿ ಪಿಂಡ ಬೆಳೆಯುವಾಗ ಇದೂ ಗಂಡಿನ ಶಿಶ್ನವೂ ಒಂದೇ ಮೊಳಕೆಯಿಂದ ಹುಟ್ಟುತ್ತವೆ. ಅದನ್ನು ಮುಟ್ಟದೆ ಸುಖಪಡು ಎಂದರೆ ಯಾವ ಗಂಡಸು ಒಪ್ಪುತ್ತಾನೆ?

ನನಗೆ ಸಿಟ್ಟು ಬರುವುದು ಇಲ್ಲೇ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆದು ನೋಡಿ. ಅಂಡಾಶಯ, ಗರ್ಭಕೋಶ, ಯೋನಿ, ಎಲ್ಲಕ್ಕೂ ಗೆರೆ ಎಳೆದು ಹೆಸರು ಬರೆದಿದ್ದಾರೆ. ಇದಕ್ಕಿಲ್ಲ. ಮಗು ಹೆರಲು ಬೇಕಾದದ್ದಷ್ಟೇ ಲೆಕ್ಕಕ್ಕೆ! ನಾನು ಗಂಗಾವತಿಯಲ್ಲಿ ಓದುವಾಗ ಮೇಷ್ಟ್ರು ‘ಮನೇಲಿ ಓದ್ಕೊಳ್ಳಿ’ ಎಂದು ಆ ಪಾಠವನ್ನೇ ಹಾರಿಸಿದರು. ಮನೆಯಲ್ಲಿ ಅವ್ವ ಪುಸ್ತಕ ಮುಚ್ಚಿಸಿದಳು.

ಹಾಗಂತ ನಮ್ಮೂರಿನವರನ್ನಷ್ಟೇ ದೂರಬೇಡಿ. ಮನಶ್ಶಾಸ್ತ್ರದ ದೊಡ್ಡ ಪಂಡಿತ ಫ್ರಾಯ್ಡ್ 1905ರಲ್ಲಿ, ಹೊರಗಿನ ಸುಖ ಎಳೆ ವಯಸ್ಸಿನದು, ಬಲಿತ ಹೆಣ್ಣಿಗೆ ಅದು ಒಳಗಡೆಯೇ ಸಿಗಬೇಕು ಎಂದ. ಯಾವ ಹೆಂಗಸನ್ನೂ ಪರೀಕ್ಷಿಸಿ ಹೇಳಿದ್ದಲ್ಲ. 1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಪ್ರಯೋಗಾಲಯದಲ್ಲಿ ಅಳೆದು ನೋಡಿ, ದೇಹಕ್ಕೆ ಅಂಥ ಭೇದವಿಲ್ಲ ಎಂದರು. ಇನ್ನು ಈ ಅಂಗದ ಚಿತ್ರವನ್ನು ಜರ್ಮನಿಯ ಅಂಗರಚನಾ ಪಂಡಿತ ಕೋಬೆಲ್ಟ್ 1844ರಲ್ಲೇ ಚೆನ್ನಾಗಿ ಬಿಡಿಸಿಟ್ಟಿದ್ದ. ಎಲ್ಲರೂ ಮರೆತರು. 1998ರಲ್ಲಿ ಆಸ್ಟ್ರೇಲಿಯಾದ ಸರ್ಜನ್ ಹೆಲೆನ್ ಓಕಾನೆಲ್ ಶವಗಳನ್ನು ಕೊಯ್ದು ನೋಡಿ, ಪುಸ್ತಕದಲ್ಲಿರುವುದಕ್ಕಿಂತ ಇದು ಎಷ್ಟೋ ದೊಡ್ಡದು ಎಂದು ತೋರಿಸಬೇಕಾಯಿತು. ಇದರಲ್ಲಿ 8,000 ನರತಂತುಗಳಿವೆ ಎಂಬ ಲೆಕ್ಕ ವರ್ಷಗಟ್ಟಲೆ ಓಡಾಡಿತು. ಕೊನೆಗೆ ನೋಡಿದರೆ ಅದು ದನದ ಲೆಕ್ಕ! ಮನುಷ್ಯರಲ್ಲಿ ಎಣಿಸಿದ್ದು 2022ರಲ್ಲಿ. 10,000ಕ್ಕೂ ಜಾಸ್ತಿ ಸಿಕ್ಕವು.

ನಿಮ್ಮ ಯಜಮಾನರನ್ನು ನಾನು ಬೈಯುವುದಿಲ್ಲ. ಅವರು ಓದಿದ ಪುಸ್ತಕದಲ್ಲೂ ಅದೇ ಚಿತ್ರ ಇತ್ತು. ಏನೋ ಪಾಪ, ಕಾಳಜಿಯಿಂದಲೇ ತಂದಿದ್ದಾರೆ. ಆದರೆ ಆ ಲೇಹ್ಯ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಳಗೆ ಏನು ಬೆರೆಸಿದ್ದಾರೋ, ತಿನ್ನಬೇಡಿ. ಎಲ್ಲಿ ಮುಟ್ಟಿದರೆ ಹಿತ ಎಂದು ಅವರ ಕೈ ಹಿಡಿದು ತೋರಿಸಿ. ಮೊದಲ ಸಲ ನಾಚಿಕೆಯಾಗುತ್ತದೆ, ಆಗಲಿ.

ನೋವು, ಉರಿ, ಒಣಗಿದ ಹಾಗೆ ಅನಿಸುವುದು ಇದ್ದರೆ ಮಾತ್ರ ಹೆಂಗಸರ ಡಾಕ್ಟರ ಹತ್ತಿರ ಹೋಗಿ. ಎದೆಹಾಲು ಕುಡಿಸುವಾಗ ಹಾಗಾಗುತ್ತದೆ. ಸಕ್ಕರೆ ಕಾಯಿಲೆಯಿಂದ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಸುಖ ಕಡಿಮೆಯಾಗಬಹುದು.

ಬಸ್ ನಿಲ್ದಾಣದ ಗೋಡೆಯ ತುಂಬ ‘ಗಂಡಸರ ಗುಪ್ತ ಸಮಸ್ಯೆ’ಯ ಪೋಸ್ಟರುಗಳು. ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ನಾವು ಮುಟ್ಟಿನ ಬಗ್ಗೆ ನಾಲ್ಕು ಪುಟ ಬರೆದಾಗ ಕುಷ್ಟಗಿಯ ಹಿರಿಯರೊಬ್ಬರು ‘ಮನೆಮಂದಿ ಓದುವ ಪತ್ರಿಕೆ ಇದು’ ಎಂದು ಚಂದಾ ನಿಲ್ಲಿಸಿದ್ದರು. ಅವರ ಮಾತೂ ಸರಿಯೇ. ಮನೆಮಂದಿ ಎಂದಮೇಲೆ ಹೆಂಗಸರೂ ಸೇರುತ್ತಾರೆ, ಅಲ್ವಾ? ಎರಡು ತಿಂಗಳಾದ ಮೇಲೆ ಅದೇ ವಿಳಾಸದಿಂದ ಚಂದಾ ಬಂತು, ಸೊಸೆಯ ಹೆಸರಿನಲ್ಲಿ.