ಓದುಗರ ಪ್ರಶ್ನೆ: ಬ್ಯಾಕಪ್ ಟೇಪಿನ ಮೇಲೆ ಮತ್ತೆ ಬರೆದುಬಿಟ್ಟರೆ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಎಲ್‌ಟಿಒ-5 ಟೇಪಿನಲ್ಲಿ (ಕಂಪ್ಯೂಟರ್ ಮಾಹಿತಿ ಉಳಿಸುವ ಕಾಂತೀಯ ಟೇಪು) 900 ಜಿಬಿ ಹಳೆ ಲೆಕ್ಕಪತ್ರ ಇತ್ತು. ಕೈತಪ್ಪಿ ಅದರ ಮೇಲೆಯೇ ಹೊಸ ಬ್ಯಾಕಪ್ ಶುರುವಾಯಿತು. 40 ಜಿಬಿ ಆದಾಗ ನಿಲ್ಲಿಸಿದೆವು. ಉಳಿದದ್ದು ಸಿಗುತ್ತದೆಯೇ?
— ಓದುಗರು, ಗದಗ

ಉತ್ತರ: ಬಹುಪಾಲು ಸಿಗಬಹುದು, ಆದರೆ ನಿಮ್ಮ ಡ್ರೈವಿನಿಂದ ಅಲ್ಲ. ಮೊದಲು ಕಾರ್ಟ್ರಿಡ್ಜ್ ಹೊರತೆಗೆದು, ಮೂಲೆಯ ಪುಟ್ಟ ಗುಂಡಿಯನ್ನು ಬೀಗದ ಗುರುತಿನತ್ತ ಸರಿಸಿ; ಆಗ ಅದರ ಮೇಲೆ ಮತ್ತೆ ಬರೆಯಲಾಗದು.

ಈ ಟೇಪು ತುದಿಯಿಂದ ತುದಿಗೆ 80 ಸಲ ಓಡಿ ತುಂಬುತ್ತದೆ. ಓಟಕ್ಕೆ ಸುಮಾರು 19 ಜಿಬಿ. ನಿಮ್ಮಲ್ಲಿ ಎರಡು ಓಟಕ್ಕಿಂತ ತುಸು ಹೆಚ್ಚು ಅಳಿದಿದೆ. ಅಷ್ಟು ಯಾರಿಂದಲೂ ವಾಪಸ್ ಬರದು. ಅದರಾಚೆಯದು ಹಾಗೇ ಇದೆ. ತೊಡಕಿರುವುದು ಬೇರೆ ಕಡೆ: ಹೊಸ ಬರಹದ ಕೊನೆಗೆ ಡ್ರೈವ್ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಹಾಕಿರುತ್ತದೆ, ಸಾಮಾನ್ಯ ಡ್ರೈವ್ ಅದನ್ನು ದಾಟಿ ಓದುವುದಿಲ್ಲ. ಫರ್ಮ್‌ವೇರ್ (ಡ್ರೈವಿನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ) ಮಾರ್ಪಡಿಸಿದ ಡ್ರೈವ್ ಇರುವ ಲ್ಯಾಬೇ ಬೇಕು. ಹುಬ್ಬಳ್ಳಿಯಲ್ಲಿ ಹಾರ್ಡ್‌ಡಿಸ್ಕ್ ರಿಪೇರಿ ಮಾಡುವವರ ಕೈಗೆ ದಯವಿಟ್ಟು ಕೊಡಬೇಡಿ.

ಬರೆಯುವಾಗ ಕರೆಂಟ್ ತೆಗೆದು ಆ ಗುರುತು ತಪ್ಪಿಸುವುದು ಡಿಎಟಿ ಎಂಬ ಹಳೆಯ ಬೇರೆ ಬಗೆಯ ಟೇಪಿನ ಉಪಾಯ. ಇಲ್ಲಿ ಮಾಡಿದರೆ ಇನ್ನಷ್ಟು ಅಳಿಯುತ್ತದೆ.

ಬ್ಯಾಕಪ್ ಟಾರ್‌ನಲ್ಲಿದ್ದರೆ (ಹಲವು ಫೈಲುಗಳನ್ನು ಒಂದರ ಹಿಂದೊಂದು ಜೋಡಿಸಿಡುವ ವಿಧಾನ) ಪ್ರತಿ ಫೈಲಿಗೂ 512 ಬೈಟಿನ ತಲೆಬರಹ ಇರುವುದರಿಂದ ನಡುವಿನಿಂದಲೂ ಹೆಕ್ಕಬಹುದು. ಇಡಿಯಾಗಿ ಜಿಜಿಪ್ ಮಾಡಿ ಕುಗ್ಗಿಸಿದ್ದರೆ ಬಹಳ ಕಷ್ಟ. ಎನ್‌ಕ್ರಿಪ್ಟ್ ಮಾಡಿದ್ದರೆ (ಗೂಢಲಿಪಿಗೆ ಬದಲಿಸಿದ್ದರೆ) ಅದನ್ನು ಬಿಡಿಸುವ ಹಳೆಯ ಕೀಯನ್ನೂ ಹುಡುಕಿಡಿ.