ಪೆಟ್ರೋಲ್ ಟ್ಯಾಂಕಿನ ಪೆಟ್ಟಿಗೆಗೆ ಮುಚ್ಚಳದ ತೂತು ಸಾಲದು

ಕೋಡಿ ಬೆಂಗ್ರೆಯ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಅದಕ್ಕೆ ಬೇರೆಯವರು ಕೊಟ್ಟ ಒಂದೆರಡು ಸಲಹೆ ಅಪಾಯದ್ದು. ಅವರದ್ದು ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ಕೂರಿಸುವ ಇಂಜಿನ್) ಹಾಕಿದ ಫೈಬರ್ ದೋಣಿ. ಹಿಂದಿನ ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ಪೆಟ್ರೋಲ್ ಟ್ಯಾಂಕೂ ಬ್ಯಾಟರಿಯೂ ಒಟ್ಟಿಗೆ ಉಂಟು. ಬೆಳಿಗ್ಗೆ ಮುಚ್ಚಳ ತೆಗೆದರೆ ಘಾಟು. ಮುಚ್ಚಳಕ್ಕೆ ಎರಡು ತೂತು ಕೊರೆದು ಕಂಪ್ಯೂಟರಿನ ಫ್ಯಾನ್ ಕೂರಿಸಿದರೆ ಸಾಕಾ ಅಂತ ಕೇಳಿದ್ದಾರೆ.

ಸಾಲದು ಅಣ್ಣ. ಆ ಫ್ಯಾನ್ ಮಾತ್ರ ದಯವಿಟ್ಟು ಹಾಕಬೇಡಿ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೇರಿ ಮುಚ್ಚಳದ ತೂತಿನಿಂದ ಹೋಗುವ ಜಾತಿಯದ್ದಲ್ಲ, ನೀರಿನ ಹಾಗೆ ತಗ್ಗು ಹುಡುಕಿ ತಳದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಆವಿ ಸೇರಿದರೆ ಸಾಕು, ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ನಿಮ್ಮ ಪೆಟ್ಟಿಗೆ 300 ಲೀಟರ್ ಗಾಳಿ ಹಿಡಿಯುವಂಥದ್ದಾದರೆ, ಸುಮಾರು 20 ಮಿಲಿ ಪೆಟ್ರೋಲ್ ಸೋರಿ ಆವಿಯಾದರೆ ಆ ಮಟ್ಟ ಮುಟ್ಟುತ್ತದೆ. ಅಂದರೆ ನಾಲ್ಕು ಟೀ ಚಮಚ! ಕಿಡಿಗೆ ಫ್ಯಾನಿನ ವಯರಿನ ಜಾಯಿಂಟ್ ಆದೀತು, ಸ್ವಿಚ್ ಆದೀತು, ಉಪ್ಪುಗಾಳಿಗೆ ಹಸಿರು ಹಿಡಿದು ಸಡಿಲವಾದ ಬ್ಯಾಟರಿ ಟರ್ಮಿನಲ್ ಆದೀತು.

ಗಾಳಿಯ ವ್ಯವಸ್ಥೆಗೆ ಮುಂಚೆ ಸೋರುವ ಜಾಗ ಹುಡುಕಿ. ಟ್ಯಾಂಕನ್ನು ಹೊರಗೆ ಬಯಲಿಗೆ ತಂದು, ಪೈಪಿನ ನಡುವಿನ ರಬ್ಬರ್ ಪಂಪನ್ನು ಗಟ್ಟಿಯಾಗುವವರೆಗೆ ಅಮುಕಿ, ಎರಡೂ ತುದಿಯ ಕನೆಕ್ಟರ್ ಮೇಲೆ ಬೆರಳಾಡಿಸಿ. ಒದ್ದೆ ತಾಗಿದರೆ ಒಳಗಿನ ಓರಿಂಗ್ (ಸೋರದ ಹಾಗೆ ಹಾಕಿದ ರಬ್ಬರ್ ಬಳೆ) ಹೋಗಿದೆ. ಪೈಪನ್ನು ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ಕಂಡರೆ ಯೋಚನೆ ಮಾಡದೆ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಆಗುವುದಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಇಂಜಿನ್ ಓಡುವಾಗ ತೆರೆದಿರಬೇಕು, ದೋಣಿ ಕಟ್ಟಿದ ಮೇಲೆ ಮುಚ್ಚಿರಬೇಕು. ರಾತ್ರಿಯಿಡೀ ತೆರೆದೇ ಇಟ್ಟರೆ ಬೆಳಿಗ್ಗೆ ಘಾಟು ಬಾರದೆ ಇನ್ನೇನು? ಎತ್ತಿ ಒಯ್ಯುವ ಟ್ಯಾಂಕಾದರೆ ಸಂಜೆ ಪೈಪ್ ಕಳಚಿ ಇಳಿಸಿಬಿಡುವುದೇ ಒಳ್ಳೆಯದು. ಪೆಟ್ರೋಲ್ ತುಂಬಿಸುವುದೂ ದೋಣಿಯಲ್ಲಿ ಬೇಡ, ಟ್ಯಾಂಕನ್ನು ದಡದಲ್ಲಿ ನೆಲದ ಮೇಲಿಟ್ಟು ತುಂಬಿಸಿ.

ಬ್ಯಾಟರಿಯನ್ನು ಆ ಪೆಟ್ಟಿಗೆಯಿಂದ ತೆಗೆಯಲೇಬೇಕು. ಚಾರ್ಜ್ ಆಗುವಾಗ ಅದರಿಂದ ಬರುವ ಹೈಡ್ರೋಜನ್ ಹಗುರ, ಮೇಲೆ ಸೇರುತ್ತದೆ. ಅದಕ್ಕೆ ಬೇರೆ ಪೆಟ್ಟಿಗೆ ಮಾಡಿ ಮೇಲ್ಭಾಗದಲ್ಲಿ ತೂತು ಕೊಟ್ಟರಾಯಿತು.

ಇನ್ನು ಗಾಳಿ. ಎರಡು ದಾರಿ ಬೇಕು. ಒಂದು ಒಳಬರುವುದಕ್ಕೆ, ಬಾಯಿ ಮುಂದಕ್ಕೆ ತಿರುಗಿರಲಿ. ಇನ್ನೊಂದು ಹೊರಹೋಗುವುದಕ್ಕೆ, ಬಾಯಿ ಹಿಂದಕ್ಕೆ. ಹೊರಹೋಗುವ ಪೈಪಿನ ಒಳತುದಿ ಪೆಟ್ಟಿಗೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಇರಬೇಕು, ಆದರೆ ತಳದಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ಮೇಲೆ. ತುದಿ ನೀರಿನಲ್ಲಿ ಮುಳುಗಿದರೆ, ಅಥವಾ ಪೈಪ್ ನಡುವೆ ಜೋತುಬಿದ್ದು ಅಲ್ಲಿ ನೀರು ನಿಂತರೆ, ಎಷ್ಟು ದೊಡ್ಡ ಬ್ಲೋವರ್ (ಆ ಪೈಪಿನಿಂದ ಆವಿಯನ್ನು ಹೊರಗೆಳೆಯುವ ಫ್ಯಾನ್) ಹಾಕಿಯೂ ಪ್ರಯೋಜನವಿಲ್ಲ. ಬ್ಲೋವರ್ ತೆಗೆದುಕೊಳ್ಳುವಾಗ ‘ಇಗ್ನಿಷನ್ ಪ್ರೊಟೆಕ್ಟೆಡ್’ ಅಂತ ಅಥವಾ ಐಎಸ್‌ಒ 8846 ಅಂತ ಬರೆದಿದೆಯಾ ನೋಡಿ. ಅದು ಒಳಗಿನ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮಾಡಿದ್ದು. ಸ್ವಿಚ್ ಪೆಟ್ಟಿಗೆಯ ಹೊರಗಿರಲಿ. ಇಂಜಿನ್ ಒಳಗೇ ಇರುವ ಪೆಟ್ರೋಲ್ ದೋಣಿಗಳಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಹೇಳುವುದು, ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಿ, ಆಮೇಲೂ ತಳ ನೋಡಿ ಅಂತ. ನಿಮಗೂ ಅದೇ ಅಭ್ಯಾಸ ಒಳ್ಳೆಯದು. ಬ್ಲೋವರ್ ಓಡಿದ ಮೇಲೂ ವಾಸನೆ ಇದ್ದರೆ ಕೀ ತಿರುಗಿಸಬೇಡಿ. ಮೂಗನ್ನೇ ಪೂರ್ತಿ ನಂಬುವ ಹಾಗೂ ಇಲ್ಲ, ಸ್ವಲ್ಪ ಹೊತ್ತಿಗೆ ಅದು ವಾಸನೆಗೆ ಒಗ್ಗಿಬಿಡುತ್ತದೆ.

‘ಮಲ್ಪೆಯ ಟ್ರಾಲ್ ಬೋಟಿನವರು ಇದೆಲ್ಲ ಮಾಡುತ್ತಾರಾ’ ಅಂತ ಒಬ್ಬರು ಕೇಳಿದ್ದಾರೆ. ಅವರದ್ದು ಡೀಸೆಲ್ ಮಾರಾಯ್ರೆ. ಡೀಸೆಲ್ ಚೆನ್ನಾಗಿ ಬಿಸಿಯಾಗದೆ ಹೊತ್ತುವಷ್ಟು ಆವಿ ಬಿಡುವುದಿಲ್ಲ, ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಿಡುತ್ತದೆ. ಆದರೆ ಅದೇ ಬೋಟಿನ ಅಡುಗೆ ಜಾಗದ ಗ್ಯಾಸ್ ಸಿಲಿಂಡರ್ ಉಂಟಲ್ಲ, ಅದರ ಗ್ಯಾಸೂ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಇಂಜಿನ್ ರೂಮಿಗೇ ಹೋಗುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ನಾಡದೋಣಿಯವರು ಆ ಸಣ್ಣ ಪೆಟ್ರೋಲ್ ಕ್ಯಾನನ್ನೂ ಮುಚ್ಚಿದ ಜಾಗದಲ್ಲಿ ಇಡಬಾರದು.

ಬೆಳಿಗ್ಗೆ ಊದುಬತ್ತಿ ಹಚ್ಚುವವರು ದೋಣಿಯ ಮುಂದಿನ ತುದಿಯಲ್ಲಿ ಹಚ್ಚಿ, ಅದೂ ಪೆಟ್ಟಿಗೆ ತೆರೆದು ಗಾಳಿಯಾಡಿದ ಮೇಲೆ.

ಅಣ್ಣ, ಒಂದು ನೋಡಿ ಹೇಳಿ. ಆ ಪೆಟ್ಟಿಗೆಯ ತಳದಲ್ಲಿ ನೀರು ಇಳಿಯುವ ತೂತು ಉಂಟಾ, ಇದ್ದರೆ ಎಲ್ಲಿಗೆ ಹೋಗುತ್ತದೆ? ಹಲಗೆಯ ಕೆಳಗೆ ದೋಣಿಯ ಹೊಟ್ಟೆಗೇ ಹೋಗುವುದಾದರೆ ಆವಿಯೂ ಅಲ್ಲಿಗೇ ಇಳಿಯುತ್ತಿದೆ. ಆಗ ಆ ತೂತನ್ನು ಮುಚ್ಚಿ ನೀರಿಗೆ ನೇರ ಹೊರಗೆ ದಾರಿ ಮಾಡಬೇಕು. ಫೋಟೋ ಹಾಕಿ, ಪೈಪ್ ಎಲ್ಲಿ ಕೂರಿಸುವುದು ಅಂತ ನೋಡಿ ಹೇಳುತ್ತೇನೆ.